ಹತ್ತೊಂಬತ್ತನೇ ತಾರೀಖಿನ ಫಾರಂ

"ನಿಮ್ಮಮ್ಮನೇ ಬಂದು ನನ್ನ ಬಾಗಿಲಲ್ಲಿ ಧರಣಿ ಕೂತ್ರೂ ನಾನು ಹೇಳಲ್ಲ."

ಮೂವತ್ತೆರಡು ತರಗತಿಗಳಲ್ಲಿ ನಿಂತು ನಾನು ಈ ಮಾತು ಹೇಳಿದ್ದೆ. ಪ್ರತಿ ತರಗತಿಯಲ್ಲೂ ಮಕ್ಕಳು ನಕ್ಕರು. ನಗಲಿ ಎಂದೇ ಹೇಳಿದ್ದು. ನಗದವರು ಫಾರಂ ತುಂಬುವುದಿಲ್ಲ, ತುಂಬಿದರೂ ನಿಜ ಬರೆಯುವುದಿಲ್ಲ. ಹದಿನಾರು ವರ್ಷದಿಂದ ಫಾರಂಗಳ ಮಧ್ಯೆಯೇ ಕೂದಲು ಬೆಳ್ಳಗೆ ಮಾಡಿಕೊಂಡ ನನಗೆ ಅಷ್ಟೂ ಗೊತ್ತಿಲ್ಲದಿದ್ದರೆ ಹೇಗೆ?

ಕಾಲೇಜಿನ ಮಕ್ಕಳ ಆರೋಗ್ಯವನ್ನೂ ನೆಮ್ಮದಿಯನ್ನೂ ಅಳೆಯುವುದು ನನ್ನ ಕೆಲಸ. ಒಟ್ಟು ಸಾವಿರದ ಎಂಟುನೂರು ಮಕ್ಕಳು. ಎಷ್ಟು ಹೊತ್ತು ನಿದ್ದೆ ಮಾಡುತ್ತಾರೆ, ಹೊಟ್ಟೆತುಂಬ ತಿನ್ನುತ್ತಾರೋ ಇಲ್ಲವೋ, ವಾರಕ್ಕೆ ಎಷ್ಟು ಸಲ ತಲೆನೋವು, ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳಲು ಯಾರಾದರೂ ಇದ್ದಾರೆಯೇ, ಹೀಗೆ ನಲವತ್ತು ಪ್ರಶ್ನೆ. ಪ್ರತಿಯೊಂದರ ಮುಂದೆ ‘ಎಂದೂ ಇಲ್ಲ’ದಿಂದ ‘ಪ್ರತಿದಿನ’ದವರೆಗೆ ಐದು ಚೌಕ. ವರ್ಷಕ್ಕೆ ಎರಡು ಸಲ ತುಂಬಿಸುತ್ತೇವೆ. ಹೆಸರಿಲ್ಲ, ರೋಲ್ ನಂಬರಿಲ್ಲ. ಎರಡೂ ಸಲದ ಫಾರಂ ಒಬ್ಬರದೇ ಎಂದು ಜೋಡಿಸಲು ಮಾತ್ರ ಮೇಲ್ಗಡೆ ಒಂದು ಸಂಕೇತ ಇರುತ್ತದೆ. ಅದನ್ನು ಕಟ್ಟಿದವಳು ನಾನೇ. ಅಮ್ಮನ ಹೆಸರಿನಲ್ಲಿ ಎಷ್ಟು ಅಕ್ಷರ, ಹುಟ್ಟಿದ್ದು ಎಷ್ಟನೇ ತಾರೀಖು, ಒಡಹುಟ್ಟಿದವರು ಎಷ್ಟು ಜನ, ಮನೆ ನಂಬರಿನ ಕೊನೆಯ ಅಂಕಿ ಯಾವುದು. ಬರೆದವರು ಮರೆಯುವುದಿಲ್ಲ, ಬೇರೆಯವರಿಗೆ ತಿಳಿಯುವುದಿಲ್ಲ. ಸಾಲದ್ದಕ್ಕೆ ಎಲ್ಲ ತರಗತಿಗಳ ಡಬ್ಬಿಗಳನ್ನೂ ಒಂದೇ ಮೇಜಿನ ಮೇಲೆ ಸುರಿದು, ಇಸ್ಪೀಟು ಕಲೆಸಿದ ಹಾಗೆ ಕಲೆಸಿದ್ದೆ. ಯಾವ ಫಾರಂ ಯಾವ ತರಗತಿಯದೆಂದು ಇನ್ನು ದೇವರೂ ಹೇಳಲಾರ ಎಂದು ಒಳಗೊಳಗೇ ಜಂಬಪಟ್ಟಿದ್ದೆ.

ನನ್ನದು ಏಳನೇ ನಂಬರಿನ ಕೋಣೆ, ಹಳೆಯ ಪ್ರಯೋಗಾಲಯದ ಪಕ್ಕದ್ದು. ಬಣ್ಣ ಬಳಿದವರು ಕಿಟಕಿಯನ್ನೂ ಚೌಕಟ್ಟನ್ನೂ ಸೇರಿಸಿ ಬಳಿದುಬಿಟ್ಟಿದ್ದರಿಂದ ಅದು ತೆರೆಯುವುದಿಲ್ಲ. ಒಂದು ಕಂಪ್ಯೂಟರು, ಒಂದು ಮೇಜು, ಫಾರಂಗಳ ಕಟ್ಟು, ಕಾಲ ಬಳಿ ಒಂದು ರಟ್ಟಿನ ಪೆಟ್ಟಿಗೆ. ಆ ಪೆಟ್ಟಿಗೆಗೆ ನಾನಿಟ್ಟ ಹೆಸರು ಗೆರೆಪೆಟ್ಟಿಗೆ. ಕೆಲವು ಮಕ್ಕಳು ಪ್ರಶ್ನೆ ಓದುವುದೇ ಇಲ್ಲ, ಮೇಲಿಂದ ಕೆಳಗಿನವರೆಗೆ ಒಂದೇ ಸಾಲಿನ ಚೌಕಗಳಲ್ಲಿ ಗೆರೆ ಎಳೆದಂತೆ ಟಿಕ್ ಹಾಕುತ್ತಾರೆ. ಇವರನ್ನು ಹಿಡಿಯಲೆಂದೇ ಒಂದೇ ಸಂಗತಿಯನ್ನು ತಿರುಗಾಮುರುಗಾ ಮಾಡಿ ಎರಡು ಕಡೆ ಕೇಳಿರುತ್ತೇವೆ. ಚೆನ್ನಾಗಿ ನಿದ್ದೆ ಬರುತ್ತದೆ, ಪ್ರತಿದಿನ. ನಿದ್ದೆಯೇ ಬರುವುದಿಲ್ಲ, ಪ್ರತಿದಿನ. ಇಂಥವನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಲೆಕ್ಕಕ್ಕೆ ಬಾರದವು ಎಂದು ಪೆಟ್ಟಿಗೆಗೆ ಎಸೆಯುತ್ತೇನೆ.

ಆ ಮಂಗಳವಾರ ಹನ್ನೊಂದು ಗಂಟೆಯ ಹೊತ್ತಿಗೆ ಒಂದು ಫಾರಂ ಕೈಗೆ ಬಂತು. ನಿದ್ದೆ ಇಲ್ಲ, ಹಸಿವು ಇಲ್ಲ. ಹೇಳಿಕೊಳ್ಳಲು ಯಾರಾದರೂ ಇದ್ದಾರೆಯೇ ಎಂಬುದಕ್ಕೆ ‘ಎಂದೂ ಇಲ್ಲ’. ‘ಬೆಳಿಗ್ಗೆ ಎಚ್ಚರವೇ ಆಗದಿದ್ದರೆ ಒಳ್ಳೆಯದಿತ್ತು ಅನಿಸುತ್ತದೆ’ ಎಂಬುದರ ಮುಂದೆ ‘ಪ್ರತಿದಿನ’. ಆ ಪ್ರಶ್ನೆ ಸೇರಿಸುವಾಗಲೇ ನನ್ನ ಕೈ ಸ್ವಲ್ಪ ತಡೆದಿತ್ತು. ಕೊನೆಯ ಪುಟದಲ್ಲಿ ‘ನಾವು ಕೇಳದೇ ಉಳಿದದ್ದೇನಾದರೂ ಇದೆಯೇ’ ಎಂದು ಎರಡು ಸಾಲು ಖಾಲಿ ಬಿಟ್ಟಿರುತ್ತೇವೆ. ಅಲ್ಲಿ ಬರೆದಿತ್ತು: ‘ಕಾಲೇಜಲ್ಲಿ ಇರೋಕಾಗಲ್ಲ, ಮನೇಲೂ ಇರೋಕಾಗಲ್ಲ. ಬಸ್ಸಲ್ಲಿ ಮಾತ್ರ ಉಸಿರಾಡ್ತೀನಿ.’

ಸಂಕೇತ ತುಂಬಲು ಮೇಲ್ಗಡೆ ನೋಡಿದೆ. ನಾಲ್ಕು, ಹತ್ತೊಂಬತ್ತು, ಸೊನ್ನೆ, ಆರು.

ನನ್ನ ಹೆಸರಿನಲ್ಲಿ ನಾಲ್ಕಕ್ಷರ. ನನ್ನ ಮಗಳು ಹುಟ್ಟಿದ್ದು ಹತ್ತೊಂಬತ್ತನೇ ತಾರೀಖು. ಒಬ್ಬಳೇ ಮಗಳು. ನಮ್ಮ ಮನೆ ನಂಬರ್ ಮೂವತ್ತಾರು. ಇದೇ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದಾಳೆ.

ಬೇರೆ ಯಾರಿಗೂ ತಿಳಿಯದಂತೆ ಕಟ್ಟಿದ ಸಂಕೇತ ಒಬ್ಬಳಿಗೆ ಮಾತ್ರ ತಿಳಿಯುತ್ತದೆ, ಹೆತ್ತವಳಿಗೆ. ಅಷ್ಟು ಸಣ್ಣ ಸಂಗತಿ ನನ್ನ ಮಂಡೆಗೆ ಹೊಳೆದಿರಲಿಲ್ಲ. ಇನ್ನೊಬ್ಬರಿಗೂ ಇದೇ ಅಂಕಿಗಳಿರಬಹುದಲ್ಲ ಎಂದು ಕಾಗದದ ತುದಿಯಲ್ಲಿ ಲೆಕ್ಕ ಹಾಕಿದೆ. ಮೂರರಲ್ಲಿ ಒಂದು ಪಾಲು ಸಾಧ್ಯತೆ ಬಂತು. ಬೇರೆಯವರ ವಿಷಯವಾಗಿದ್ದರೆ ಇದು ಸಣ್ಣ ಸಾಧ್ಯತೆಯಲ್ಲ ಎಂದು ನಾನೇ ಪಾಠ ಹೇಳುತ್ತಿದ್ದೆ. ಆದರೆ ಟಿಕ್ಕಿನ ಬಾಲ ಮಗಳು ಹಾಕುವ ಹಾಗೇ ಎಡಕ್ಕೆ ತಿರುಗಿದೆ ಎಂದು ಕಾಣಿಸಿತು. ನಿಜ ಹೇಳಬೇಕೆಂದರೆ ಟಿಕ್ಕಿನ ಬಾಲ ಎಲ್ಲರದೂ ಒಂದೇ.

ವಿಭಾಗದ ಮುಖ್ಯಸ್ಥರ ಬಳಿ ಹೋದೆ. ಊಟ ಹೇಗಿತ್ತು ಎಂದರೂ ಎಂಬತ್ತು ಪರ್ಸೆಂಟ್ ಎನ್ನುವ ಮನುಷ್ಯ ಅವರು, ಹಾಗಾಗಿ ಬೆನ್ನ ಹಿಂದೆ ನಮಗೆಲ್ಲ ಶೇಕಡಾ ಸಾರ್. ಮಗಳು ಎನ್ನಲಿಲ್ಲ. ಒಂದು ಮಗುವಿನ ಉತ್ತರ ನೋಡಿ ಹೆದರಿಕೆಯಾಗಿದೆ, ಹುಡುಕಬಹುದೇ ಎಂದು ಕೇಳಿದೆ.

"ಆರು ಪರ್ಸೆಂಟ್ ಇಂಥವು ಬಂದೇ ಬರ್ತವೆ," ಎಂದರು ಶೇಕಡಾ ಸಾರ್. "ಕೊನೇ ಪುಟದಲ್ಲಿ ಸಮಾಲೋಚಕಿ ನಂಬರ್ ಹಾಕಿದೀವಲ್ಲ."

"ಅಲ್ಲಿಗೆ ಯಾರೂ ಹೋಗಲ್ಲ ಸಾರ್."

"ಹುಡುಕೋ ಹಾಗಿಲ್ಲಮ್ಮ. ನಿಯಮ ಬರೆದಿದ್ದೇ ನೀವು. ಒಬ್ಬರನ್ನ ಹುಡುಕಿದ್ರಿ ಅಂತ ಗೊತ್ತಾದ್ರೆ ಮುಂದಿನ ಸಲ ಒಬ್ಬರೂ ನಿಜ ಬರೆಯಲ್ಲ. ಸಮೀಕ್ಷೆಯೇ ಬಿದ್ದುಹೋಗತ್ತೆ."

ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ, ಅದೇ ಕಷ್ಟ. ಸಮಾಲೋಚಕಿ ಒಳ್ಳೆಯ ಹೆಂಗಸು, ಮಕ್ಕಳು ‘ಮಾತಿನ ಮೇಡಂ’ ಎನ್ನುತ್ತಾರೆ. ಆದರೆ ಅವರ ಕೋಣೆ ಇರುವುದು ಪ್ರಾಂಶುಪಾಲರ ಕೋಣೆಯ ಪಕ್ಕದಲ್ಲಿ, ಬೋರ್ಡು ಹಾಕಿಕೊಂಡು. ಒಳಗೆ ಹೋದವರ ಹೆಸರು ಸಂಜೆಯೊಳಗೆ ಇಡೀ ಕಾಲೇಜಿಗೆ ಗೊತ್ತು. ವಾರಕ್ಕೆ ಎರಡು ದಿನ ಬಂದು, ನೊಣ ಹೊಡೆದುಕೊಂಡು ಕೂತು ಹೋಗುತ್ತಾರೆ.

ನಾನೇ ಕಟ್ಟಿದ ಗೋಡೆಯೊಳಗೆ ನಾನೇ ಸಿಕ್ಕಿಬಿದ್ದಿದ್ದೆ. ಮಗಳನ್ನು ಕೇಳಿದರೆ ಕೊಟ್ಟ ಮಾತು ಹೋಯಿತು. ಕೇಳದಿದ್ದರೆ? ಆ ಪ್ರಶ್ನೆಯನ್ನು ಪೂರ್ತಿ ಮಾಡಲು ನನಗೆ ಧೈರ್ಯವಿರಲಿಲ್ಲ.

ಮನೆಯಲ್ಲಿ ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಎಷ್ಟು ತಿಂದಳು, ಎಷ್ಟು ಬಿಟ್ಟಳು, ಸ್ನಾನದ ಕೋಣೆಯಲ್ಲಿ ಎಷ್ಟು ನಿಮಿಷ. ಅವಳ ಕೋಣೆಯ ಬಾಗಿಲ ಚಿಲಕದ ಸ್ಕ್ರೂಗಳನ್ನು, ಹೊರಗಿಂದ ತಳ್ಳಿದರೆ ಕಿತ್ತು ಬರುವಷ್ಟು ಸಡಿಲ ಮಾಡಿಟ್ಟೆ. ನೆವ ಹುಡುಕಿ ನಾಲ್ಕು ಸಲ ಒಳಗೆ ಹೋದೆ. ಅವಳಪ್ಪ ಕೆಲಸದ ಮೇಲೆ ಪರಸ್ಥಳದಲ್ಲಿದ್ದರು. ಫೋನಿನಲ್ಲಿ ಹೇಳೋಣವೆಂದರೆ, ಹೇಳಿದರೂ ಮಾತು ಮುರಿದ ಹಾಗೇ.

"ಈಚೆಗೆ ನಿದ್ದೆ ಚೆನ್ನಾಗಿ ಬರುತ್ತಾ?" ಎಂದು ಮೂರನೇ ದಿನ ತಿಂಡಿ ಹೊತ್ತಿನಲ್ಲಿ ಕೇಳಿದೆ, ಬಹಳ ಸಹಜವಾಗಿ.

"ಇದು ನಿನ್ನ ಫಾರಂನ ನಾಲ್ಕನೇ ಪ್ರಶ್ನೆ."

"ಅಮ್ಮ ಕೇಳಬಾರದಾ?"

"ಚೆನ್ನಾಗಿ ಬರುತ್ತೆ ಅಮ್ಮ. ಎಲ್ಲಾ ಚೆನ್ನಾಗಿದೆ," ಎಂದು ತಟ್ಟೆ ತೊಳೆದಿಟ್ಟು ಹೊರಟಳು.

ಸಂಜೆ ಅವಳು ಬರುವುದು ಏಳಕ್ಕೆ. ಲೈಬ್ರರಿಯಲ್ಲಿದ್ದೆ ಎನ್ನುತ್ತಾಳೆ. ಲೈಬ್ರರಿ ನಾಲ್ಕೂವರೆಗೆ ಮುಚ್ಚುತ್ತದೆಂಬುದು ಅದೇ ಕಟ್ಟಡದಲ್ಲಿ ಕೂರುವ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಒಂದು ವರ್ಷದಿಂದ ಗೊತ್ತಿದ್ದೂ, ಎಲ್ಲೋ ಗೆಳತಿಯರ ಜೊತೆ ಇರುತ್ತಾಳೆ ಬಿಡು ಎಂದು ಸುಮ್ಮನಿದ್ದೆ. ಈಗ ‘ಬಸ್ಸಲ್ಲಿ ಮಾತ್ರ’ ಎಂಬ ಸಾಲು ಆ ಸಂಜೆಗಳ ಜೊತೆ ಸೇರಿಕೊಂಡಿತು.

ಶುಕ್ರವಾರ ಐದು ಗಂಟೆಗೆ ಕಾಲೇಜಿನ ಮುಂದೆ ಊರು ಸುತ್ತುವ ಬಸ್ಸು ಹತ್ತಿದೆ. ಹೊರಟ ಕಡೆಗೇ ಬಂದು ಸೇರುವ ಬಸ್ಸದು, ಒಂದು ಸುತ್ತಿಗೆ ಐವತ್ತು ನಿಮಿಷ. ಮೊದಲ ಬಸ್ಸಿನಲ್ಲಿ ಅವಳಿರಲಿಲ್ಲ, ಇಳಿದುಕೊಂಡೆ. ಎರಡನೆಯದರಲ್ಲಿ ಕೊನೆಯ ಸೀಟಿನ ಕಿಟಕಿಯ ಪಕ್ಕ, ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಮ್ಮ ಮನೆಯ ಸ್ಟಾಪು ಆಗಲೇ ದಾಟಿತ್ತು.

"ಲೈಬ್ರರಿಗೆ ಚಕ್ರ ಬಂದಿದ್ಯಾ?" ಎನ್ನುತ್ತಾ ಪಕ್ಕದಲ್ಲಿ ಕೂತೆ.

ಅವಳು ಬೆಚ್ಚಲಿಲ್ಲ. "ಹಿಂದೆ ಬಂದ್ಯಾ?" ಎಂದಳು.

ಮೂವತ್ತೆರಡು ತರಗತಿಗಳಿಗೆ ಕೊಟ್ಟ ಮಾತನ್ನು ಅಲ್ಲೇ ಆ ಸೀಟಿನ ಮೇಲೆ ಮುರಿದೆ. ಫಾರಂ ನೋಡಿದೆ, ಸಂಕೇತ ನೋಡಿದೆ, ಎಚ್ಚರವೇ ಆಗದಿದ್ದರೆ ಎಂದು ಬರೆದಿದ್ದೀಯಲ್ಲ, ಮನೆಯಲ್ಲಿ ನಾನೊಬ್ಬಳು ಇದ್ದೂ ಸತ್ತ ಹಾಗಾಯಿತಲ್ಲ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಅವಳ ಕೈ ಹಿಡಿದುಕೊಂಡೆ. ಅವಳು ಕೈ ಬಿಡಿಸಿಕೊಳ್ಳದೆ ಪೂರ್ತಿ ಕೇಳಿದಳು.

"ಏನು ಸಂಕೇತ ಹೇಳು?"

"ನಾಲ್ಕು, ಹತ್ತೊಂಬತ್ತು, ಸೊನ್ನೆ, ಆರು."

"ಅದು ನನ್ನದಲ್ಲ."

"ಮರಿ, ನನ್ನ ಹತ್ರ ಬೇಡ."

"ಅಮ್ಮ, ನಾನು ಯಾವ ಫಾರಂನಲ್ಲೂ ಹತ್ತೊಂಬತ್ತು ಬರೆಯಲ್ಲ. ಒಂದನೇ ತಾರೀಖು ಬರೀತೀನಿ. ಶಾಲೆಗೆ ಸೇರಿಸುವಾಗ ನೀವೇ ಅಲ್ವಾ ಬದಲಾಯಿಸಿದ್ದು?"

ನೆನಪಾಯಿತು. ಒಂದನೇ ತಾರೀಖಿಗೆ ಆರು ತುಂಬಿರಬೇಕು ಎಂಬ ನಿಯಮ, ಇವಳಿಗೆ ಹದಿನೆಂಟು ದಿನ ಕಡಿಮೆ. ಅಷ್ಟಕ್ಕೆ ಒಂದು ವರ್ಷ ಯಾಕೆ ಹಾಳು ಎಂದು ಅವಳಪ್ಪ ಹೆಡ್‌ಮಾಸ್ಟರ ಬಳಿ ಮಾತಾಡಿ, ಕಾಗದದಲ್ಲಿ ಅವಳನ್ನು ಹದಿನೆಂಟು ದಿನ ಮೊದಲೇ ಹುಟ್ಟಿಸಿದ್ದರು. ಅಲ್ಲಿಂದೀಚೆಗೆ ಅಂಕಪಟ್ಟಿ, ಗುರುತಿನ ಚೀಟಿ, ಬಸ್ ಪಾಸು ಎಲ್ಲದರಲ್ಲೂ ಒಂದನೇ ತಾರೀಖೇ. ಹತ್ತೊಂಬತ್ತು ಉಳಿದಿದ್ದು ನನ್ನ ತಲೆಯಲ್ಲಿ ಮಾತ್ರ. ಅಳತೆಯ ತಪ್ಪುಗಳ ಬಗ್ಗೆ ವರ್ಷಾನುಗಟ್ಟಲೆ ತರಬೇತಿ ಕೊಟ್ಟವಳು ನಾನು.

ನನ್ನದಲ್ಲ, ನನ್ನ ಮಗಳಲ್ಲ ಎಂದು ಎಷ್ಟು ಖುಷಿಯಾಯಿತೆಂದರೆ ಪಕ್ಕದಲ್ಲಿದ್ದವರು ನೋಡುವಷ್ಟು ಗಟ್ಟಿಯಾಗಿ ನಕ್ಕೆ.

"ಹಾಗಾದ್ರೆ ಅದು ಯಾರದು?" ಎಂದಳು ಮಗಳು.

ನಗು ಅಲ್ಲೇ ಸತ್ತಿತು. ಮೂರು ದಿನ ನಾನು ಅನ್ನ ನೀರು ಬಿಟ್ಟು ಕಾದದ್ದು ಒಂದು ಮಗುವಿಗಾಗಿ. ಆ ಮಗು ಎಲ್ಲೂ ಹೋಗಿರಲಿಲ್ಲ, ನನ್ನ ಮಗಳಾಗಿರಲಿಲ್ಲ ಅಷ್ಟೇ. ಅವಳ ಅಥವಾ ಅವನ ಅಮ್ಮನ ಹೆಸರಿನಲ್ಲೂ ನಾಲ್ಕಕ್ಷರ. ಆ ಅಮ್ಮ ಎಲ್ಲೋ ಕೂತು ಎಲ್ಲಾ ಚೆನ್ನಾಗಿದೆ ಎಂದುಕೊಂಡಿರುತ್ತಾಳೆ. ನನಗೆ ನಾಚಿಕೆಯಾಯಿತು.

"ನೀನ್ಯಾಕೆ ಈ ಬಸ್ಸಲ್ಲಿ ಸುತ್ತುತ್ತಿದೀಯ?" ಎಂದು ಕೇಳಿದೆ.

"ನಾನೊಬ್ಬಳೇನಾ? ಮುಂದೆ ನೋಡು."

ನೋಡಿದೆ. ಎಡಗಡೆ ಒಬ್ಬ ಹುಡುಗ, ಎರಡು ಸಾಲು ಮುಂದೆ ಒಬ್ಬ ಹುಡುಗಿ, ಬಾಗಿಲ ಹಿಂದೆ ಇನ್ನಿಬ್ಬರು. ಎಲ್ಲರ ಕೊರಳಲ್ಲೂ ನಮ್ಮ ಕಾಲೇಜಿನ ನೀಲಿ ಪಟ್ಟಿ. ಎಲ್ಲರೂ ಬೇರೆಬೇರೆ ಸೀಟಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಸ್ಟಾಪು ಬಂದರೂ ಒಬ್ಬರೂ ಏಳಲಿಲ್ಲ.

"ಮಾತಾಡ್ಸಲ್ವಾ ನೀವು?"

"ಇಲ್ಲ. ಯಾರೂ ಏನೂ ಕೇಳಬಾರದು ಅಂತಲೇ ಅಲ್ವಾ ಬರೋದು," ಎಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ, "ಮನೆಗೆ ಬಂದ್ರೆ ನೀನು ಅಳೀತೀಯ ಅಮ್ಮ. ಎಷ್ಟು ತಿಂದೆ, ಎಷ್ಟು ಮಲಗಿದೆ. ಚೆನ್ನಾಗಿದೀನಿ ಅಂದಾಗ ಮಾತ್ರ ಬಿಡ್ತೀಯ. ನನ್ನ ಫಾರಂ ಹುಡುಕೋಕೆ ಹೋಗಬೇಡ. ಅದರಲ್ಲಿ ಏನೂ ಇಲ್ಲ. ನೀನೇ ಓದ್ತೀಯ ಅಂತ ಗೊತ್ತಿತ್ತು," ಎಂದಳು.

ಬಸ್ಸಿನಿಂದ ಇಳಿಯುವಾಗ, "ಚಿಲಕದ ಸ್ಕ್ರೂ ಸರಿ ಮಾಡು," ಎಂದಳು. ಮನೆಗೆ ಹೋದ ಕೂಡಲೇ ಬಿಗಿ ಮಾಡಿದೆ.

ಶನಿವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕೋಣೆಗೆ ಹೋದೆ. ಹುಡುಕಬೇಡ ಎಂದಿದ್ದಳು, ಹುಡುಕಿದೆ. ಆ ಮಟ್ಟಿಗೆ ನಾನು ಒಳ್ಳೆಯವಳಲ್ಲ. ಕಂಪ್ಯೂಟರಿನಲ್ಲಿ ನಾಲ್ಕು, ಒಂದು, ಸೊನ್ನೆ, ಆರು ಎಂದು ಕೊಟ್ಟರೆ ಏನೂ ಬರಲಿಲ್ಲ. ಕಟ್ಟುಗಳಲ್ಲೂ ಇರಲಿಲ್ಲ. ಕೊನೆಗೆ ಕಾಲಿಗೆ ಗೆರೆಪೆಟ್ಟಿಗೆ ತಗುಲಿತು.

ನಡುವೆ ಎಲ್ಲೋ ಇತ್ತು. ನಲವತ್ತು ಪ್ರಶ್ನೆಗೂ ಮಧ್ಯದ ಚೌಕ, ಸ್ಕೇಲು ಇಟ್ಟು ಎಳೆದಷ್ಟು ನೆಟ್ಟಗೆ. ನಿದ್ದೆ ಬರುತ್ತದೆ, ಕೆಲವೊಮ್ಮೆ. ನಿದ್ದೆ ಬರುವುದಿಲ್ಲ, ಕೆಲವೊಮ್ಮೆ. ಎಚ್ಚರವಾಗದಿದ್ದರೆ ಒಳ್ಳೆಯದಿತ್ತು, ಕೆಲವೊಮ್ಮೆ. ಮೂಲೆಯಲ್ಲಿ ಕೆಂಪು ಪೆನ್ನಿನಲ್ಲಿ ‘ಲೆಕ್ಕಕ್ಕಿಲ್ಲ’ ಎಂದು ಬರೆದಿತ್ತು, ನನ್ನದೇ ಅಕ್ಷರ. ಬರೆದು ಎಸೆದು ಎಂಟು ದಿನವಾಗಿತ್ತು. ಆ ಮಧ್ಯದ ಚೌಕವನ್ನು ಅವಳು ಓದಿ ಹಾಕಿದ್ದೋ ಓದದೆ ಹಾಕಿದ್ದೋ ಎಂದು ತಿಳಿಯಲು ನನ್ನ ಬಳಿ ಯಾವ ಉಪಾಯವೂ ಇರಲಿಲ್ಲ. ಪೆಟ್ಟಿಗೆಯಲ್ಲಿ ಅಂಥವು ಇನ್ನೂ ಇನ್ನೂರ ಮೂರು ಇದ್ದವು.

ಆ ಫಾರಂ ಹಿಡಿದುಕೊಂಡೇ ಶೇಕಡಾ ಸಾರ್ ಬಳಿ ಹೋಗಿ, ಮತ್ತೊಮ್ಮೆ ಎಲ್ಲ ತರಗತಿಗಳಿಗೂ ಹೋಗುತ್ತೇನೆ ಎಂದೆ. ಅವರು ಬೇಡ ಎಂದರು. ಉತ್ತರ ಓದಿ ಭಯಪಟ್ಟೆವು ಎಂದು ತಿಳಿದರೆ ಅಂಕಿಗಳು ಕೆಡುತ್ತವೆ ಎಂದರು.

"ಕೆಡಲಿ ಸಾರ್."

"ನಿಮ್ಮ ಮೇಲೆ ದೂರು ಬರತ್ತೆ."

"ಎಷ್ಟು ಪರ್ಸೆಂಟ್ ಬರತ್ತೆ?" ಎಂದುಬಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮಾತಿನ ಮೇಡಂಗೆ ಫೋನ್ ಮಾಡಿ, ದಿನಾ ಬಂದು ಬೋರ್ಡಿಲ್ಲದ ನನ್ನ ಕೋಣೆಯಲ್ಲಿ ಕೂರಲು ಒಪ್ಪಿಸಿದೆ.

ಸೋಮವಾರ ಮೂವತ್ತೆರಡು ತರಗತಿಗಳಲ್ಲಿ ಮತ್ತೆ ನಿಂತೆ. ಈ ಸಲ ಯಾರನ್ನೂ ನಗಿಸಲಿಲ್ಲ. "ನಿಮ್ಮಲ್ಲಿ ಒಬ್ಬರು ಬಸ್ಸಲ್ಲಿ ಮಾತ್ರ ಉಸಿರಾಡ್ತೀನಿ ಅಂತ ಬರೆದಿದೀರಿ. ಓದಿದೀನಿ. ಓದಿ ನನಗೆ ಹೆದರಿಕೆಯಾಯ್ತು. ನಿಮ್ಮನ್ನ ಹುಡುಕೋಕೆ ಬಂದಿಲ್ಲ, ಹುಡುಕೋಕೆ ಆಗೋದೂ ಇಲ್ಲ. ಗೆರೆ ಎಳೆದು ಕೊಟ್ಟವರೂ ಇದೀರಿ. ಅದನ್ನ ಓದೋಕೆ ನನಗೆ ಬರಲಿಲ್ಲ, ತಪ್ಪು ನನ್ನದು. ನಾಳೆಯಿಂದ ಏಳನೇ ಕೋಣೆಯೊಳಗೆ ಮಾತಿನ ಮೇಡಂ ಇರ್ತಾರೆ. ಹೆಸರು ಬೇಡ, ಚೀಟಿಯಲ್ಲಿ ಸಂಕೇತ ಬರೆದುಕೊಡಿ ಸಾಕು. ನಾನು ಬಾಗಿಲಲ್ಲಿ ಕೂತು ಸರದಿ ನಂಬರ್ ಕೊಡ್ತೀನಿ. ತಲೆ ಎತ್ತಿ ಯಾರ ಮುಖವನ್ನೂ ನೋಡಲ್ಲ."

ಮರುದಿನ ಕಾರಿಡಾರಿನಲ್ಲಿ ಮೇಜು ಹಾಕಿಕೊಂಡು, ಗೋಡೆಗೆ ಒಂದು ಬೆಂಚು ಎಳೆಸಿ ಕೂತೆ. ಕಿಟಕಿಯನ್ನು ಉಳಿಯಿಂದ ಕೆತ್ತಿ ಬಿಡಿಸಲು ಬಡಗಿ ಬಂದಿದ್ದ, ಅರ್ಧ ತೆರೆಯಿತು. ಹತ್ತು ಗಂಟೆಯವರೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ದೂರದಲ್ಲಿ ನಿಂತು ವಾಪಸು ಹೋದ ಚಪ್ಪಲಿಗಳನ್ನು ಮಾತ್ರ ಕಂಡೆ. ಹತ್ತೂಕಾಲಿಗೆ ಮೊದಲ ಚೀಟಿ ಬಂತು. ಆಮೇಲೆ ಎರಡು, ಮೂರು. ನಾನು ಕಂಡದ್ದೆಲ್ಲ ಕೈಗಳು, ಉಗುರು ಕಚ್ಚಿದ್ದವು, ಮಸಿ ಹತ್ತಿದ್ದವು, ಗಡಿಯಾರ ಕಟ್ಟಿದ್ದವು.

ಹನ್ನೆರಡರ ಸುಮಾರಿಗೆ ಹದಿಮೂರನೆಯ ಚೀಟಿ. ನಾಲ್ಕು, ಹತ್ತೊಂಬತ್ತು, ಸೊನ್ನೆ, ಆರು.

ಕುತ್ತಿಗೆಯ ನರವೆಲ್ಲ ಮೇಲೆ ನೋಡು ಎಂದಿತು. ಒಂದೇ ಒಂದು ಸಲ. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ‘ಹದಿಮೂರು’ ಎಂದು ಬರೆದು ಚಾಚಿದೆ. ಆ ಕೈ ಅದನ್ನು ತೆಗೆದುಕೊಂಡಿತು. ಮಗು ಬದುಕಿದೆಯಲ್ಲ ಎಂದುಕೊಂಡೆ. ಬೆಂಚು ಕಿರುಗುಟ್ಟಿತು.

ಚೀಟಿಗಳನ್ನು ಜೋಡಿಸಿಡುವಷ್ಟರಲ್ಲಿ ಇನ್ನೊಂದು ಬಂತು. ನಾಲ್ಕು, ಒಂದು, ಸೊನ್ನೆ, ಆರು. ಚೀಟಿ ಹಿಡಿದ ಕೈಯ ಮಣಿಕಟ್ಟಿನಲ್ಲಿ ಹಳೆಯ ಸುಟ್ಟ ಗುರುತು. ನಾಲ್ಕು ವರ್ಷದವಳಿದ್ದಾಗ ಇಸ್ತ್ರಿಪೆಟ್ಟಿಗೆ ಮುಟ್ಟಿ ಆದದ್ದು. ಅದಕ್ಕೆ ಮುಲಾಮು ಹಚ್ಚಿದ್ದು ನಾನು.

"ಅಮ್ಮ, ತಲೆ ಎತ್ತಬೇಡ," ಎಂದಳು ಮೆಲ್ಲಗೆ.

ಎತ್ತಲಿಲ್ಲ. ‘ಹದಿನಾಲ್ಕು’ ಎಂದು ಬರೆದೆ, ಅಕ್ಷರ ಸೊಟ್ಟಗಾಯಿತು. "ಇನ್ನೂ ಮೂರು ಜನ ಇದಾರೆ ಮುಂದೆ," ಎಂದೆ.

"ಕಾಯ್ತೀನಿ."

ಬೆಂಚಿನ ಕಡೆ ಹೆಜ್ಜೆ ಸರಿಯಿತು. ಸ್ವಲ್ಪ ಜಾಗ ಬಿಡ್ತೀಯಾ ಎಂದು ಅವಳು ಹದಿಮೂರನೆಯವರನ್ನು ಕೇಳಿದ್ದೂ, ಅವರು ಸರಿದು ಕೂತದ್ದೂ ನನಗೆ ಕೇಳಿಸಿತು. ನಾನು ಮೇಜಿನ ಮೇಲಿನ ಖಾಲಿ ಚೀಟಿಗಳನ್ನೇ ನೋಡುತ್ತಾ ಕೂತೆ.